ನವಾಸೀ ಕಿಲೋ

ಕಾಕಾ: (ಮನಿ ಗ್ರೂಪಿನ್ಯಾಗ ಒಂದು ಫಾರ್ವರ್ಡ್) ತೂಕ ಇಳಿಸೂ ಆಪರೇಷನ್ ಆದವ್ರು ಆಮ್ಯಾಲ ಫಾಲೋಅಪ್ ತಪಾಸಣಿಗಿ ಬರೂದೇ ಬಿಡ್ತಾರಂತ. ಲಕ್ಷಗಟ್ಟಲೆ ಸುರದು ಹಿಂಗ್ ಮಾಡಿದ್ರ ಹೆಂಗ? ನಮ್ ಮನ್ಯಾಗೂ ಒಬ್ರು ಅದಾರ.

ವೈನಿ: ಹೆಸರು ಹಚ್ಚೇ ಹೇಳ್ರಿ ಕಾಕಾ. ನಾನೇ.

ಮಾವ: ಆಕಿ ಆಪರೇಷನ್ ಆದ ಹೈದರಾಬಾದ್ ಅಂದ್ರ ಸೂಪರ್ ಮಾರ್ಕೆಟ್‌ಗಿ ಹೋಗಿ ಬಂದಂಗಲ್ಲೋ. ಕಲಬುರಗಿಯಿಂದ 200 ಕಿ.ಮೀ. ಮ್ಯಾಲ ಅದ. ಆಪರೇಷನ್‌ಗಿ ಇನ್ಶೂರೆನ್ಸ್ ಕೊಡ್ತು, ಈಗಿನ ರಕ್ತಪರೀಕ್ಷಾ, ಗುಳಗಿ ಎಲ್ಲಾ ಕೈಲಿಂದ.

ಬೀದರ್ ಅತ್ತಿ: ಕೇಳಿದಾಗೆಲ್ಲ "ಆರಾಮ ಅದೀನಿ" ಅಂತಾಳ. ಆರಾಮ ಇದ್ದವ್ರು ದವಾಖಾನಿಗಿ ಯಾಕ್ ಹೋಗ್ತಾರ?

ವೈನಿ: ರೊಕ್ಕನೂ ಅಲ್ಲ, ದೂರನೂ ಅಲ್ಲ. 1, 3, 6 ತಿಂಗಳಿಗಿ ತಪ್ಪದೇ ಹೋದೆ. 34 ಕಿಲೋ ಇಳಿದಿತ್ತು, ಡಾಕ್ಟರ್ರು ಬ್ಯಾರೇ ಪೇಷಂಟ್ ಕರದು ನನ್ನ ತೋರ್ಸಿದ್ರು. ಎರಡ್ನೇ ವರ್ಷ 6 ಕಿಲೋ ಹೊಳ್ಳಿ ಬಂತು. ತೂಕದ ಮಷೀನು ವರಾಂಡದಾಗ. ಆ ಹುಡುಗ ಚೀಟ್ಯಾಗ ಬರಿಯೂಕಿಂತ ಮದ್ಲ ಒದರಿದ, "ನವಾಸೀ ಕಿಲೋ!" ಅಂದ್ರ ಎಂಬತ್ತೊಂಬತ್ತು. ಬೆಂಚಿನ ಮ್ಯಾಲಿನ ಮಂದಿ ಎಲ್ಲಾ ತಿರುಗಿ ನೋಡ್ತು. ಫೈಲ್ ತಂದು ಸೀರಿ ಬುಡಕ ಇಟ್ಟೀನಿ, ತಗದೇ ಇಲ್ಲ.

ಕಾಕಾ: ಶರಣಬಸವೇಶ್ವರ ಅಪ್ಪನ ಜಾತ್ರ್ಯಾಗ ಮಿರ್ಚಿ ಭಜಿ ತಿಂದದ್ದು ನಾನೇ ನೋಡೀನಿ.

ವೈನಿ: ಒಂದು. ನೀವು ಎಣಿಸಿದ್ರಿ. ಅದೇ ಹೇಳಲತ್ತೀನಿ ನಾ.

ನಾನು: ಕಾಕಾ, ಸುಮ್ಕಿರ್ರಿ. ವೈನಿಗಿ ಆದ ಸ್ಲೀವ್ ಆಪರೇಷನ್ ಅಂದ್ರ ಹೊಟ್ಟಿ ಚೀಲದ ಮುಕ್ಕಾಲು ಪಾಲು ಕತ್ತರಿಸಿ ತಗೀತಾರ. ಹಂಗಿದ್ರೂ ಮೈ ಹಳೀ ತೂಕಕ್ಕೇ ಜಗ್ತದ, ಭಾಳ ಮಂದಿಗಿ ಒಂದಿಷ್ಟು ಹೊಳ್ಳಿ ಬರ್ತದ. ಫಾಲೋಅಪ್ ಬರೇ ತೂಕಕ್ಕಲ್ಲ. ಬಿ12, ಕಬ್ಬಿಣ, ವಿಟಮಿನ್ ಡಿ ನೋಡ್ಬೇಕು, ಜೀವ ಇರೂತನಾ. ಬಿ12 ಲಿವರ್‌ನ್ಯಾಗ ವರ್ಷಗಟ್ಟಲೆ ದಾಸ್ತಾನು ಇರ್ತದ, ಕರಗೂದು ಗೊತ್ತೇ ಆಗಂಗಿಲ್ಲ. ಕಮ್ಮಿ ಆದ್ರ ನರಕ್ಕ ಪೆಟ್ಟು. ವೈನಿ, ಕಾಲು ಜುಂ ಅಂತಾವೇನು?

ವೈನಿ: ರಾತ್ರಿ ಅಂತಾವ. ಮೊನ್ನಿ ಒಂದು ಚಪ್ಪಲಿ ಕಳಚಿ ಬಿದ್ದದ್ದು ನಾಕು ಹೆಜ್ಜಿ ಹ್ವಾದಮ್ಯಾಲ ಗೊತ್ತಾಯ್ತು. ವಯಸ್ಸಾಯ್ತು ಅಂದ್ಕೊಂಡಿದ್ದೆ.

(ಹತ್ತು ನಿಮಿಷ ಯಾರೂ ಬರೀಲಿಲ್ಲ. ಕಾಕಾನ 'ಟೈಪಿಂಗ್' ಮಾತ್ರ ಬರ್ತಿತ್ತು, ಹೋಗ್ತಿತ್ತು. ಮಿರ್ಚಿ ಭಜಿ ಮೆಸೇಜು ಡಿಲೀಟ್ ಆತು.)

ನಾನು: ವೈನಿ, ನಾಳೆ ಇಲ್ಲೇ ಕಲಬುರಗ್ಯಾಗ ಪರೀಕ್ಷಾಕ್ಕ ರಕ್ತ ಕೊಡು. ರಿಪೋರ್ಟು ಫೋಟೋ ಹೊಡದು ಹೈದರಾಬಾದ್ ಡಾಕ್ಟರ್ರಿಗಿ ಕಳಸಮು. ಆ ವರಾಂಡಕ್ಕ ಈಗೇ ಹೋಗೂದು ಬ್ಯಾಡ.

ಕಾಕಾ: ಗಾಡಿ ನಾ ತರ್ತೀನಿ. ಎಷ್ಟಕ್ಕ ಬರ್ಲಿ?

ವೈನಿ: ಏಳಕ್ಕ. ದಾರ್ಯಾಗ ತೂಕ ಕೇಳಬ್ಯಾಡ್ರಿ.