ಅಪ್‌ಡೇಟ್: ಪ್ಯಾಡ್ ಥಾಯ್ ನೂಡಲ್ಸ್ ಈಗ ಮುದ್ದೆಯಾಗುತ್ತಿಲ್ಲ
ಪ್ಯಾಡ್ ಥಾಯ್ (ಥಾಯ್‌ಲ್ಯಾಂಡಿನ ಹುರಿದ ನೂಡಲ್ಸ್) ಮಾಡುವಾಗ ಅಕ್ಕಿ ನೂಡಲ್ಸ್ ಅಂಟಿಕೊಂಡು ಮುದ್ದೆಯಾಗುತ್ತದೆ, ಏನು ಮಾಡಲಿ ಅಂತ ಕೇಳಿದ್ದೆನಲ್ಲ, ಅದರ ಅಪ್‌ಡೇಟ್ ಇದು. ಕುದಿಸಬೇಡಿ, ತಣ್ಣೀರಲ್ಲಿ ನೆನೆಸಿ ಅಂದವರಿಗೆ ದೊಡ್ಡ ನಮಸ್ಕಾರ! ಬಗ್ಗುತ್ತದೆ, ಆದರೆ ಕಚ್ಚಿದರೆ ಇನ್ನೂ ಗಟ್ಟಿ ಅನ್ನುವ ಹದಕ್ಕೆ ನೀರು ಬಸಿದು ಬಾಣಲೆಗೆ ಹಾಕಿದೆ, ಮಿಕ್ಕಿದ್ದು ಸಾಸ್ ಹೀರಿಕೊಂಡೇ ಬೇಯಿತು. ಒಂದು ಸಲಕ್ಕೆ ಇಬ್ಬರಿಗಾಗುವಷ್ಟೇ ಮಾಡಿ. ಜಾಸ್ತಿ ಹಾಕಿದರೆ ಬಾಣಲೆಯ ಕಾವು ಇಳಿದು ನೀರು ಬಿಡುತ್ತದೆ.

ಸಾಸ್‌ಗೆ ಹುಣಸೆ ರಸ, ಫಿಶ್ ಸಾಸ್, ಬೆಲ್ಲ. ಥಾಯ್‌ಲ್ಯಾಂಡಿನಲ್ಲಿ ತಾಳೆ ಬೆಲ್ಲ ಹಾಕುತ್ತಾರೆ, ನಾನು ಮನೆಯಲ್ಲಿದ್ದ ಕಬ್ಬಿನ ಬೆಲ್ಲ ಹಾಕಿದೆ, ಬಣ್ಣ ಸ್ವಲ್ಪ ಕಪ್ಪಾಯಿತು ಅಷ್ಟೇ. ಕೆಚಪ್ ಸಾಕು ಅಂದವರೇ, ಹುಣಸೆಹಣ್ಣು ಇರುವ ಮನೆಯಲ್ಲಿ ಅದ್ಯಾಕೆ ಬೇಕು ಹೇಳಿ? ಮೇಲೆ ಹುರಿದ ಕಡಲೆಕಾಯಿ ಬೀಜದ ತರಿ ಉದುರಿಸಿ, ನಿಂಬೆ ಹಿಂಡಿದೆ. ಇದಕ್ಕೆ ಸಾಮಾನ್ಯವಾಗಿ ಹಾಕುವ ಸೀಗಡಿ ತಿನ್ನದವರು ತೋಫು, ಮೊಟ್ಟೆಯಲ್ಲೇ ಮಾಡಬಹುದು.