ಹದಿಹರೆಯದವರ ಜೊತೆ ದೇಹ, ಲೈಂಗಿಕತೆ ಬಗ್ಗೆ ಮಾತು ಶುರು ಮಾಡಿದವರು ಅನುಭವ ಹೇಳಿ

ಹೊಸ ಸಂಚಾಲಕಿ: ನಮ್ಮ ಪೋಷಕರ ಗುಂಪಿನಲ್ಲಿ ಮಕ್ಕಳಿಗೆ ಮುಟ್ಟು, ಗರ್ಭನಿರೋಧಕ, ಲೈಂಗಿಕ ಸೋಂಕು, ಒಪ್ಪಿಗೆ ಇವುಗಳ ಬಗ್ಗೆ ಮಾತುಕತೆ ಇಡಬೇಕು ಅಂತಿದ್ದೇನೆ. ಒಬ್ಬೊಬ್ಬರೇ ಸಿಕ್ಕಾಗ ಎಲ್ಲರೂ "ಬೇಕು, ಮಾಡಿ" ಅನ್ನುತ್ತಾರೆ. ಸಭೆ ಸೇರಿದಾಗ ಒಬ್ಬರೂ ಬಾಯಿ ಬಿಡುವುದಿಲ್ಲ. ಹುಡುಗ ಹುಡುಗಿಯರನ್ನು ಒಟ್ಟಿಗೆ ಕೂರಿಸಬೇಕಾ, ಬೇರೆ ಬೇರೆನಾ? ಮಾಡಿ ನೋಡಿದವರು ಹೇಳಿ.

ಇಬ್ಬರ ಅಮ್ಮ: ನಮ್ಮ ಮನೆಯಲ್ಲಿ ಜಗಳ ಶುರುವಾಗಿದ್ದೇ ಎಚ್‌ಪಿವಿ ಲಸಿಕೆಯಿಂದ, ಅದೇ, ಗರ್ಭಕಂಠದ ಕ್ಯಾನ್ಸರ್ ತರುವ ವೈರಸ್ ತಡೆಯುವ ಲಸಿಕೆ. 9ರಿಂದ 14 ವರ್ಷದೊಳಗೆ, ಲೈಂಗಿಕ ಸಂಪರ್ಕ ಶುರುವಾಗುವ ಮುಂಚೆಯೇ ಕೊಟ್ಟರೆ ಅದು ಚೆನ್ನಾಗಿ ಕೆಲಸ ಮಾಡುತ್ತದೆ, ಅದಕ್ಕೇ ಮಗಳಿಗೂ ಹಾಕಿಸಿದೆ, ಮಗನಿಗೂ ಹಾಕಿಸಿದೆ. ಗಂಡಸರಿಂದಲೂ ಹರಡುವ ವೈರಸ್ ಅಲ್ವಾ. ನಾದಿನಿ ಎಲ್ಲರೂ ಕೂತಿದ್ದಾಗ ಈ ಮಾತು ಎತ್ತಿದಳು. "ಈ ವಯಸ್ಸಿಗೇ ಮಗಳಿಗೆ ಪರವಾನಗಿ ಕೊಡ್ತಿದ್ದೀಯಾ" ಅಂದಳು. ಅತ್ತೆ ಮಾತು ಬಿಟ್ಟರು. ಗಂಡ ನನ್ನ ಪರವೇ ಇದ್ದರು, ಆದರೆ ಅವರಮ್ಮನ ಎದುರು ತುಟಿ ಬಿಚ್ಚಲಿಲ್ಲ. ಅದು ಇವತ್ತಿಗೂ ಚುಚ್ಚುತ್ತದೆ. ಒಟ್ಟಿಗೆ ಬೆಳೆದ ಮಕ್ಕಳು ಈಗ ಎದುರು ಸಿಕ್ಕರೂ ಮುಖ ತಿರುಗಿಸುತ್ತಾರೆ. ನಾದಿನಿಯ ಮಗಳಿಗೆ ಲಸಿಕೆ ಸಿಗಲಿಲ್ಲ, ಅದಂತೂ ಇನ್ನೂ ದೊಡ್ಡ ನೋವು. ಇಷ್ಟೆಲ್ಲ ಆದರೂ ನಾನು ಮಾಡಿದ್ದು ಸರಿ. ಯಾರನ್ನೂ ಒಪ್ಪಿಸಲು ಹೋಗಬೇಡಿ. ನಿಮ್ಮ ಮಕ್ಕಳನ್ನು ನೀವು ನೋಡಿಕೊಳ್ಳಿ.

ನಿವೃತ್ತ ಮೇಷ್ಟ್ರು: ಮೇಡಂ, ಮನೆಯೊಳಗೆ ಮಾಡಿದವರು ಹಾಗೆ ಹೇಳಬಹುದು. ನಾನು ತರಗತಿಯಲ್ಲಿ ಮಾಡಿದವನು. ಎಲ್ಲರೂ "ಮನೆಯಲ್ಲೇ ಓದಿಕೊಳ್ಳಿ" ಅಂತ ಹಾರಿಸುವ ಸಂತಾನೋತ್ಪತ್ತಿ ಪಾಠವನ್ನು ಪೂರ್ತಿ ಮಾಡಿದೆ. ಚಿತ್ರಪಟ ಸಿಗಲಿಲ್ಲ, ರಾತ್ರಿ ಕೂತು ನಾನೇ ಬರೆದೆ. ಯಾರೋ ಆ ಪಟದ ಫೋಟೋ ತೆಗೆದು ಹಂಚಿದರು. ಪಾಲಕರು ಸಹಿ ಹಾಕಿದ ದೂರು ಬಂತು. ಆಡಳಿತ ಮಂಡಳಿ ವಿವರಣೆ ಕೇಳಿತು, ನಾನು ಬರೆದು ಕೊಟ್ಟೆ, ಇನ್ನೊಮ್ಮೆ ಕೇಳಿತು. ವೇತನ ಬಡ್ತಿ ನಿಂತಿತು. ಸಂಜೆ ಮನೆಪಾಠಕ್ಕೆ ಬರುತ್ತಿದ್ದ ಹುಡುಗಿಯರೆಲ್ಲ ಬಿಟ್ಟರು, ಆ ಆದಾಯವೂ ಹೋಯಿತು. ಇಂಥ ಪಾಠ ಕೇಳಿದ ಮಕ್ಕಳು ಬೇಗ ದಾರಿ ತಪ್ಪುವುದಿಲ್ಲ ಅಂತ ಯುನೆಸ್ಕೋ 2018ರ ಮಾರ್ಗಸೂಚಿಯಲ್ಲಿ ಬರೆದಿದೆ, ಅದರ ಪ್ರತಿಯನ್ನೂ ಲಗತ್ತಿಸಿದ್ದೆ, ಯಾರೂ ತೆರೆದು ನೋಡಲಿಲ್ಲ. ಆದರೂ ಒಂದು ಮಿತಿ ಇಟ್ಟುಕೊಂಡಿದ್ದೆ. ಗರ್ಭಪಾತ ಮಾಡಿಸುವ ಆ ತುರ್ತು ಮಾತ್ರೆ ವಿಷಯ ಎತ್ತಲಿಲ್ಲ.

ರಾತ್ರಿ ಪಾಳಿ ನರ್ಸ್: ಮೇಷ್ಟ್ರೇ, ನಿಮ್ಮ ಕಷ್ಟಕ್ಕೆ ಗೌರವ ಇದೆ. ಆದರೆ ಕೊನೆಯ ಸಾಲು ತಪ್ಪು. ತುರ್ತು ಗರ್ಭನಿರೋಧಕ ಮಾತ್ರೆ ಅಂಡ ಬಿಡುಗಡೆಯಾಗುವುದನ್ನು ತಡೆಯುತ್ತದೆ ಅಥವಾ ಮುಂದೂಡುತ್ತದೆ. ಆಗಲೇ ನಿಂತ ಗರ್ಭವನ್ನು ಅದು ತೆಗೆಯುವುದಿಲ್ಲ. ಲೆವೊನಾರ್ಜೆಸ್ಟ್ರೆಲ್ ಅನ್ನುವ ತುರ್ತು ಮಾತ್ರೆಯನ್ನು ಸಂಪರ್ಕವಾದ 72 ಗಂಟೆಯೊಳಗೆ ತೆಗೆದುಕೊಳ್ಳಬೇಕು, ಎಷ್ಟು ಬೇಗ ತಗೊಂಡರೆ ಅಷ್ಟು ಒಳ್ಳೆಯದು. ಈ ಗೊಂದಲದಿಂದಲೇ ಹುಡುಗಿಯರು ಹೆದರಿ ಕೂತು, ಮುಟ್ಟು ತಪ್ಪಿದ ಮೇಲೆ ನಮ್ಮ ಹತ್ರ ಬರುತ್ತಾರೆ. ಔಷಧಿ ಅಂಗಡಿಯಲ್ಲಿ ಕೇಳಲು ನಾಚಿಕೆ, ಕೇಳಿದರೆ ಒಂಥರಾ ನೋಟ. ನಮ್ಮ ವಾರ್ಡಿನಲ್ಲೇ "ಮದುವೆ ಆಗಿದ್ಯಾ" ಅಂತ ಜೋರಾಗಿ ಕೇಳುವವರಿದ್ದರು, ನಾನು ಜಗಳ ಮಾಡಿ ನಿಲ್ಲಿಸಿದೆ. ಅದಕ್ಕೆ ನನಗೆ ಸತತ ರಾತ್ರಿ ಪಾಳಿ ಸಿಕ್ಕಿತು, ನಿದ್ದೆ ಹಾಳಾಯಿತು, ಬಿಪಿ ಬಂತು.

ನಿವೃತ್ತ ಮೇಷ್ಟ್ರು: ಆಸ್ಪತ್ರೆಯ ಮಾತು ಬೇರೆ, ಹದಿನಾಲ್ಕರ ಮಕ್ಕಳ ಮುಂದಿನ ಮಾತು ಬೇರೆ.

ಹೆಸರು ಬೇಡ, ವಯಸ್ಸು 24: ಎಲ್ಲರೂ ಹುಡುಗಿಯರ ಬಗ್ಗೆಯೇ ಬರೆಯುತ್ತಿದ್ದೀರಿ. ನಮ್ಮ ಜೊತೆ ಯಾರು ಮಾತಾಡಿದರು? ಫೋನಿನಲ್ಲಿ ನೋಡಿದ್ದೇ ನಮಗೆ ಪಾಠ. ಅದರಲ್ಲಿ ಯಾರೂ ಒಪ್ಪಿಗೆ ಕೇಳುವುದಿಲ್ಲ, ಕಾಂಡೋಮ್ ಕಾಣುವುದೇ ಕಡಿಮೆ. ಎಲ್ಲ ಹುಡುಗರಿಗೂ ಅನುಭವ ಆಗಿದೆ, ನನಗೊಬ್ಬನಿಗೇ ಆಗಿಲ್ಲ ಅಂತ ನಂಬಿ ಹಾಸ್ಟೆಲ್‌ನಲ್ಲಿ ನರಳಿದ್ದೇನೆ. ಆಮೇಲೆ ಗೊತ್ತಾಯಿತು, ಎಲ್ಲರೂ ಸುಳ್ಳು ಹೇಳುತ್ತಿದ್ದರು. ಕ್ಲಮೈಡಿಯಾ ಅನ್ನುವ ಲೈಂಗಿಕ ಸೋಂಕು ಬಂದರೂ ಎಷ್ಟೋ ಜನಕ್ಕೆ ಲಕ್ಷಣವೇ ಕಾಣುವುದಿಲ್ಲ ಅಂತ ಪರೀಕ್ಷೆಗೆ ಹೋದ ದಿನವೇ ತಿಳಿದಿದ್ದು. ಮೇಷ್ಟ್ರೇ, ನಿಮ್ಮ ಆ "ಮಿತಿ"ಯ ಆಚೆಗೇ ನಾವೆಲ್ಲ ಬಿದ್ದಿದ್ದು.

ಗ್ರಾಮ ಸಂಪರ್ಕ: ಸಂಚಾಲಕಿಯವರೇ, ಒಬ್ಬೊಬ್ಬರೇ ಒಪ್ಪಿ ಸಭೆಯಲ್ಲಿ ಸುಮ್ಮನಾಗುತ್ತಾರೆ ಅಂದಿರಲ್ಲ, ನಾನು ಈ ಕೆಲಸದಲ್ಲಿ ಸವೆದಿದ್ದು ಅದರಲ್ಲೇ. ಪಕ್ಕದವರು ಒಪ್ಪುವುದಿಲ್ಲ ಅಂತ ಪ್ರತಿಯೊಬ್ಬರೂ ಅಂದುಕೊಂಡಿರುತ್ತಾರೆ. ಸೆನೆಗಲ್‌ನ ಮಾಲಿಕುಂಡಾ ಬಂಬಾರಾ ಹಳ್ಳಿಯ ಹೆಂಗಸರು 1997ರಲ್ಲಿ ಹೆಣ್ಣುಮಕ್ಕಳ ಜನನಾಂಗ ಕತ್ತರಿಸುವ ಪದ್ಧತಿ ಬಿಡುತ್ತೇವೆ ಅಂತ ಎಲ್ಲರೆದುರು ಘೋಷಿಸಿದರು. ಸಂಬಂಧ ಬೆಳೆಸುವ ಊರುಗಳೂ ಬಿಡದಿದ್ದರೆ ನಮ್ಮ ಹೆಣ್ಣುಮಕ್ಕಳಿಗೆ ಮದುವೆ ಆಗುವುದಿಲ್ಲ ಅಂತ ಇಮಾಮ್ ಡೆಂಬಾ ದಿಯಾವಾರಾ ಊರಿಂದ ಊರಿಗೆ ನಡೆದು ನೆಂಟರ ಜೊತೆ ಮಾತಾಡಿದರು. 1998ರಲ್ಲಿ 13 ಹಳ್ಳಿಗಳು ಒಟ್ಟಿಗೆ ಘೋಷಿಸಿದವು. ಗುಟ್ಟಾಗಿ ಒಪ್ಪಿದ್ದು ಎಲ್ಲರಿಗೂ ಕಾಣಬೇಕು. "ನಿಮ್ಮ ಮಕ್ಕಳನ್ನು ನೀವು ನೋಡಿಕೊಳ್ಳಿ" ಅನ್ನುವುದರಿಂದ ಆಗುವುದು ಇದೇ, ಇಬ್ಬರ ಅಮ್ಮನವರೇ. ನಾದಿನಿಯ ಮಗಳಿಗೆ ಲಸಿಕೆ ಸಿಗಲಿಲ್ಲ.

ಇಬ್ಬರ ಅಮ್ಮ: ಆ ಹುಡುಗಿಯನ್ನು ನಾನು ಎತ್ತಿ ಆಡಿಸಿದ್ದೇನೆ. ಅದನ್ನು ನನ್ನ ತಲೆಗೆ ಕಟ್ಟಬೇಡಿ. ನನ್ನ ಗಂಡ ಅವತ್ತು ಬಾಯಿ ಬಿಟ್ಟಿದ್ದರೆ ಸಾಕಿತ್ತು ಅಂತ ನಾನೇ ಬರೆದಿದ್ದೇನೆ, ಅದೂ ನೀವು ಹೇಳುವುದೂ ಒಂದೇ ಅಲ್ವಾ?

ಗ್ರಾಮ ಸಂಪರ್ಕ: ಒಂದೇ. ಹಾಗಾದರೆ ಅವರನ್ನೇ ಮೊದಲು ಒಪ್ಪಿಸಬೇಕಿತ್ತು.

ರಾತ್ರಿ ಪಾಳಿ ನರ್ಸ್: ಮೇಷ್ಟ್ರೇ, ಮಾತ್ರೆ ಬಗ್ಗೆ ಬರೆದ ಸಾಲನ್ನು ದಯವಿಟ್ಟು ತಿದ್ದಿ. ಇದನ್ನು ಹುಡುಗಿಯರೂ ಓದುತ್ತಾರೆ.

ನಿವೃತ್ತ ಮೇಷ್ಟ್ರು: "ಗರ್ಭಪಾತ" ಅನ್ನುವ ಪದ ತೆಗೆಯುತ್ತೇನೆ. ಮಿತಿ ಬಗ್ಗೆ ಹೇಳಿದ್ದು ಹಾಗೇ ಇರುತ್ತದೆ.