ಸಹಾಯ ಬೇಕು: ಸೆರಗು ಹೋಗ್ತಿದೆ, ಉರಿ… ಡಾಕ್ಟರ್ ಹತ್ತಿರ ಗಂಡನನ್ನೂ ಕರೆದುಕೊಂಡು ಹೋಗಬೇಕಾ?

ಎಲ್ಲರಿಗೂ ನಮಸ್ಕಾರ. ಕೇಳೋಕೆ ಮುಜುಗರ, ಆದರೆ ಇಲ್ಲಿರೋರೆಲ್ಲ ಹೆಂಗಸರೇ ಅಲ್ವಾ, ಕೇಳಿಬಿಡ್ತೀನಿ.

ಎರಡು ತಿಂಗಳ ಹಿಂದೆ ಗಂಟಲು ನೋವಿಗೆ ಆಂಟಿಬಯಾಟಿಕ್ ತೆಗೆದುಕೊಂಡಿದ್ದೆ. ಕೋರ್ಸ್ ಮುಗಿಯುವಷ್ಟರಲ್ಲಿ ಕೆಳಗೆ ಸಿಕ್ಕಾಪಟ್ಟೆ ತುರಿಕೆ, ಒಡೆದ ಮೊಸರಿನಂಥ ಬಿಳಿ ಸೆರಗು. ವಾಸನೆ ಇರಲಿಲ್ಲ. ಡಾಕ್ಟರ್ ಫಂಗಸ್ ಅಂದರು. ಆಂಟಿಬಯಾಟಿಕ್ ಒಳ್ಳೆಯ ಬ್ಯಾಕ್ಟೀರಿಯಾವನ್ನೂ ಕೊಲ್ಲುತ್ತಲ್ಲ, ಆಗ ಫಂಗಸ್ ಬೆಳೆಯುತ್ತಂತೆ. ಫ್ಲುಕೊನಜೋಲ್ 150 ಒಂದೇ ಮಾತ್ರೆ, ಹೋಯಿತು.

ಈ ಸಲದ್ದು ಬೇರೆ. ಹಳದಿ-ಹಸಿರು, ನೊರೆ ನೊರೆ, ಕೆಟ್ಟ ವಾಸನೆ. ಮೂತ್ರಕ್ಕೆ ಹೋದರೆ ಉರಿ. ಮೆಡಿಕಲ್ ಶಾಪಿನವನು ಹಳೇ ಚೀಟಿ ನೋಡಿ ಅದೇ ಮಾತ್ರೆ ಕೊಟ್ಟ. ಐದು ದಿನವಾದರೂ ಗುಣ ಇಲ್ಲ. ಅತ್ತೆ 'ಉಷ್ಣ ಕಣೇ, ಮೆಂತ್ಯದ ನೀರು ಕುಡಿ' ಅಂದರು. ಕುಡಿದೆ, ಬಾಯಿ ಕಹಿಯಾಯಿತು ಅಷ್ಟೇ.

ನರ್ಸ್ ಆಗಿರೋ ಓರಗಿತ್ತಿ ಹೇಳಿದ್ದು: ಇದು ಟ್ರೈಕೊಮೊನಾಸ್ ಇರಬಹುದು, ಅದು ಫಂಗಸ್ ಅಲ್ಲ, ಕಣ್ಣಿಗೆ ಕಾಣದ ಒಂದು ಪರಾವಲಂಬಿ ಜೀವಿ, ಲೈಂಗಿಕ ಸಂಪರ್ಕದಿಂದ ಹರಡುತ್ತೆ. ಗಂಡಸರಲ್ಲಿ ಹೆಚ್ಚಿನವರಿಗೆ ಏನೂ ಗೊತ್ತೇ ಆಗಲ್ಲ. ಇಬ್ಬರಿಗೂ ಒಟ್ಟಿಗೆ ಮಾತ್ರೆ ಕೊಡದಿದ್ದರೆ ಮತ್ತೆ ಬರುತ್ತೆ.

ಜಿಲ್ಲಾಸ್ಪತ್ರೆಯಲ್ಲಿ ಇಂಥ ಲೈಂಗಿಕ ಸೋಂಕುಗಳನ್ನ ನೋಡೋ ಸುರಕ್ಷಾ ಕ್ಲಿನಿಕ್‌ಗೆ ಹೋಗೋಣ ಅಂತಿದ್ದೀನಿ. ಯಾರಾದರೂ ಹೋಗಿದ್ದೀರಾ? ಲೇಡಿ ಡಾಕ್ಟರ್ ಇರ್ತಾರಾ? ಮುಟ್ಟಿನ ದಿನ ಹತ್ತಿರ ಬಂದಿದೆ, ಅದಕ್ಕೂ ಮುಂಚೆ ಹೋಗೋದೇ ಒಳ್ಳೇದಾ? ಎಲ್ಲಕ್ಕಿಂತ ಕಷ್ಟ ನಮ್ಮವರದ್ದು. 'ನನಗೇನಾಗಿದೆ, ಚೆನ್ನಾಗೇ ಇದ್ದೀನಲ್ಲ' ಅಂತಾರೆ. ಜಗಳವಾಗದ ಹಾಗೆ ಅವರನ್ನ ಒಪ್ಪಿಸೋದು ಹೇಗೆ, ಹೇಳ್ರೇ. ಇಲ್ಲಿ ಬೇಡ ಅನ್ನಿಸಿದರೆ ಇನ್‌ಬಾಕ್ಸ್ ಮಾಡಿ.